ಕುರಣದ ಹುಲ್ಲು, ಕುಡುಗೋಲಿನ ಲೆಕ್ಕ

ಪುಣೆ ಜಿಲ್ಲೆಯ ನಕ್ಷೆ ಹರಡಿಕೊಂಡು ಕೂತರೆ ‘ಕುರಣ’ ಎಂಬ ಊರು ಒಂದಕ್ಕಿಂತ ಹೆಚ್ಚು ಕಡೆ ಕಣ್ಣಿಗೆ ಬೀಳುತ್ತದೆ. ಜುನ್ನರ ತಾಲೂಕಿನಲ್ಲಿ ನಾರಾಯಣಗಾಂವದ ಸಮೀಪ ಒಂದಿದೆ. ಪಾನಶೇತ ಜಲಾಶಯದ ಕಡೆ, ಹಿಂದೆ ವೇಲ್ಹೆ ಎನ್ನುತ್ತಿದ್ದ ತಾಲೂಕಿನಲ್ಲಿ, ಬುದ್ರುಕ ಮತ್ತು ಖುರ್ದ ಎಂದು ಎರಡಿವೆ. ಮರಾಠಿಯಲ್ಲಿ ಕುರಣ ಎಂದರೆ ದನ ಬಿಡದೆ ಕಾಯ್ದಿಟ್ಟ ಹುಲ್ಲಿನ ನೆಲ. ಕನ್ನಡದಲ್ಲಿ ಇದಕ್ಕೆ ತೀರ ಹತ್ತಿರದ ಮಾತು ‘ಕಾವಲು’. ಚಿತ್ರದುರ್ಗ, ಚಿಕ್ಕಮಗಳೂರು, ಹಾಸನದ ಕಡೆಯವರಿಗೆ ಅಮೃತಮಹಲ್ ಕಾವಲುಗಳ ನೆನಪಿದ್ದರೆ ಕುರಣ ಎಂದರೇನೆಂದು ಹೆಚ್ಚು ವಿವರಿಸಬೇಕಿಲ್ಲ. ಆದರೆ ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಮೈಸೂರಿನ ಕಾವಲಿನಲ್ಲಿ ದನವೇ ಹುಲ್ಲಿನ ಬಳಿಗೆ ಹೋಗುತ್ತಿತ್ತು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಇನ್ನೊಂದು, ಚಳಿಗಾಲಕ್ಕೆ ಮತ್ತೊಂದು ಎಂದು ಹಿಂಡುಗಳು ಸುತ್ತುತ್ತಿದ್ದವು. ಪುಣೆಯ ಕುರಣದಲ್ಲಿ ಹುಲ್ಲು ಕುದುರೆಯ ಬಳಿಗೆ ಬರಬೇಕಿತ್ತು. ಹಾಗಾಗಿ ಅದನ್ನು ಕೊಯ್ಯಲೇಬೇಕಿತ್ತು.

ಕೊಯ್ಯುವುದು ಯಾವಾಗ, ಯಾರು, ಎಷ್ಟು ಎತ್ತರ ಬಿಟ್ಟು? ಪುಣೆಯ ಹುಲ್ಲುಗಾವಲುಗಳ ಇತಿಹಾಸದ ಬಹುಭಾಗ ಈ ಮೂರು ಪ್ರಶ್ನೆಗಳ ಸುತ್ತಲೇ ಸುತ್ತುತ್ತದೆ. ಹೊರಗಿನಿಂದ ಬಂದ ಹುಲ್ಲುಗಳು ಸ್ಥಳೀಯ ಹುಲ್ಲನ್ನು ಒತ್ತರಿಸುತ್ತಿರುವ ಇವತ್ತೂ ಜನ ಮತ್ತೆ ಕುಡುಗೋಲಿನ ಕಡೆಗೇ ನೋಡುತ್ತಿದ್ದಾರೆ.

ಮೊದಲು ನೆಲದ ಮಾತು. ಪುಣೆ ಜಿಲ್ಲೆಯ ಪಶ್ಚಿಮದ ಅಂಚು ಸಹ್ಯಾದ್ರಿ. ಅಲ್ಲಿ ಮಳೆ ಸಾವಿರಾರು ಮಿಲಿಮೀಟರ್ ಸುರಿಯುತ್ತದೆ. ಪೂರ್ವಕ್ಕೆ ನೂರು ಕಿಲೋಮೀಟರ್ ಹೋದರೆ, ಬಾರಾಮತಿ ಇಂದಾಪುರಗಳಲ್ಲಿ, ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಬಿದ್ದರೆ ಪುಣ್ಯ. ಈ ಮಳೆನೆರಳಿನ ಪಟ್ಟಿಯಲ್ಲಿ, ಕಪ್ಪು ಬಸಾಲ್ಟ್ ಬಂಡೆಯ ಮೇಲೆ ಗೇಣುದ್ದವೂ ಇರದ ಮಣ್ಣಿನಲ್ಲಿ, ಅಲ್ಲೊಂದು ಬಿಳಿಜಾಲಿ ಇಲ್ಲೊಂದು ಮುಳ್ಳುಕಂಟಿ ಬಿಟ್ಟರೆ ಉಳಿದುದೆಲ್ಲ ಹುಲ್ಲು. ಡಿಸೆಂಬರಿನಿಂದ ಮೇ ತನಕ ನೋಡಿದವರಿಗೆ ಇದು ಹಾಳುನೆಲ. ಜುಲೈನಲ್ಲಿ ನೋಡಿದವರು ಹಾಗೆ ಹೇಳಲಾರರು.

ಇದು ಒಂದು ಕಾಲದಲ್ಲಿ ದಟ್ಟ ಕಾಡಾಗಿತ್ತು, ಜನ ಕಡಿದು ಕಡಿದು ಬೋಳಾಯಿತು ಎಂಬ ನಂಬಿಕೆ ಪುಣೆಯಲ್ಲೂ ಇದೆ, ಅರಣ್ಯ ಇಲಾಖೆಯ ಕಡತಗಳಲ್ಲೂ ಇದೆ. ಆ ನಂಬಿಕೆ ನಿಲ್ಲುವಂಥದ್ದಲ್ಲ. ಶಿರೂರು ತಾಲೂಕಿನ ಇನಾಮಗಾಂವದಲ್ಲಿ ಡೆಕ್ಕನ್ ಕಾಲೇಜಿನವರು 1968ರಿಂದ ಹತ್ತಾರು ವರ್ಷ ನಡೆಸಿದ ಉತ್ಖನನದಲ್ಲಿ, ಮೂರು ಸಾವಿರ ವರ್ಷಗಳಿಗೂ ಹಿಂದಿನ ರೈತರ ಮನೆಗಳ ನಡುವೆ ಕೃಷ್ಣಮೃಗದ ಮೂಳೆಗಳು ಸಿಕ್ಕವು. ಕೃಷ್ಣಮೃಗ ಬಯಲಿನ ಪ್ರಾಣಿ. ದಟ್ಟ ಕಾಡಿನಲ್ಲಿ ಅದಕ್ಕೆ ಬದುಕಿಲ್ಲ. 2025ರಲ್ಲಿ ದಿಗ್ವಿಜಯ ಪಾಟೀಲ್ ಮತ್ತು ಆಶೀಶ್ ನೇರ್ಲೇಕರ್ ಸೇರಿ ಇನ್ನೊಂದು ದಾರಿಯಿಂದ ಈ ಪ್ರಶ್ನೆಗೆ ಬಂದರು. 13ನೇ ಶತಮಾನದಿಂದ ಈಚೆಗಿನ ಮರಾಠಿ ಸಂತಕಾವ್ಯ, ಸ್ಥಳಪುರಾಣ, ಜನಪದ ಹಾಡುಗಳಲ್ಲಿ ಪಶ್ಚಿಮ ಮಹಾರಾಷ್ಟ್ರದ ಯಾವ ಯಾವ ಕಾಡುಗಿಡಗಳ ಹೆಸರು ಬರುತ್ತವೆ ಎಂದು ಹೆಕ್ಕಿ ತೆಗೆದರು. ಸಿಕ್ಕಿದ್ದು 44 ಜಾತಿ. ಅವುಗಳಲ್ಲಿ 27 ಹುಲ್ಲುಬಯಲಿನ ಗುರುತಿನ ಗಿಡಗಳು. ಕಾಡಿನ ಗುರುತಿನವು ಬರೀ 3. ಅಂದರೆ ಏಳುನೂರೈವತ್ತು ವರ್ಷಗಳ ಹಿಂದೆ ಹಾಡು ಕಟ್ಟಿದವರ ಕಣ್ಣೆದುರಿಗೆ ಇದ್ದದ್ದೂ ಹೆಚ್ಚುಕಡಿಮೆ ಇದೇ ಬಯಲು.

ಆ ಹಾಡುಗಳಲ್ಲಿ ಕನ್ನಡಿಗರಿಗೆ ಪರಿಚಿತ ಮುಖಗಳೂ ಇವೆ. ಜೇಜುರಿಯ ಖಂಡೋಬಾ ನಮ್ಮ ಮೈಲಾರಲಿಂಗನೇ. ಧನಗರರ ಬಿರೋಬಾ ನಮ್ಮ ಕುರುಬರ ಬೀರಪ್ಪ. ಜರ್ಮನಿಯ ಗುಂಟರ್ ಸೊಂಟ್‌ಹೈಮರ್ ಪುಣೆ ಸುತ್ತಲಿನ ಧನಗರರೊಡನೆ ವರ್ಷಗಟ್ಟಲೆ ಒಡನಾಡಿ ಈ ದೇವರುಗಳ ಕಥೆಗಳನ್ನು ದಾಖಲಿಸಿದರು. 1976ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಅವರ ಪುಸ್ತಕ ತೋರಿಸಿಕೊಟ್ಟದ್ದು ಇಷ್ಟು: ಈ ದೇವರುಗಳ ದಾರಿಯೂ ಕುರಿಮಂದೆಗಳ ದಾರಿಯೂ ಒಂದೇ, ಆ ದಾರಿ ಕರ್ನಾಟಕದ ಒಣ ಬಯಲಿನಿಂದ ಮಹಾರಾಷ್ಟ್ರದ ಒಣ ಬಯಲಿಗೆ ಹುಲ್ಲು ಹಿಡಿದೇ ಬಂದದ್ದು. ಧನಗರರ ಕುರಿಗೆ ಕೊಂಕಣದ ಮಳೆ ಆಗಿಬರುವುದಿಲ್ಲ. ಹಾಗಾಗಿ ಮಳೆಗಾಲ ಪೂರ್ತಿ ಅವರು ಈ ಒಣನಾಡಿನಲ್ಲಿರುತ್ತಾರೆ, ದೀಪಾವಳಿ ಕಳೆದ ಮೇಲೆ ಘಟ್ಟ ಇಳಿಯುತ್ತಾರೆ. ಮುಂಗಾರಿನ ಹಸಿ ಹುಲ್ಲು ಕುರಿಗೆ, ಹಿಂಗಾರಿನ ಒಣ ಹುಲ್ಲು ಕುಡುಗೋಲಿಗೆ. ಒಂದೇ ನೆಲದ ಮೇಲೆ ಈ ಎರಡು ಹಕ್ಕುಗಳೂ ಕೂರಲಾರವಾದ್ದರಿಂದ ಕೆಲವು ನೆಲ ಕುರಿಗೆ, ಕೆಲವು ಕುರಣಕ್ಕೆ ಎಂದು ಹಂಚಿಕೆ ನಡೆದಿತ್ತು.

ಮರಾಠರ ರಾಜ್ಯ ನಿಂತದ್ದು ಕುದುರೆಯ ಮೇಲೆ, ಕುದುರೆ ನಿಂತದ್ದು ಹುಲ್ಲಿನ ಮೇಲೆ. ಇದು ಅಲಂಕಾರದ ಮಾತಲ್ಲ. 1670ರ ದಶಕದಲ್ಲಿ ಚಿಪಳೂಣದ ಬಳಿ ಮಳೆಗಾಲಕ್ಕೆ ಬೀಡುಬಿಟ್ಟಿದ್ದ ಸೇನೆಯ ಅಧಿಕಾರಿಗಳಿಗೆ ಶಿವಾಜಿ ಮಹಾರಾಜರ ಕಡೆಯಿಂದ ಹೋದ ಒಂದು ಪತ್ರ ಮಹಾರಾಷ್ಟ್ರದಲ್ಲಿ ಪ್ರಸಿದ್ಧ. ಅದರ ಕಾಳಜಿಯೆಲ್ಲ ದಾಸ್ತಾನಿನದು. ಮನಬಂದಂತೆ ಹುಲ್ಲು ಹಾಕಿ ಖಾಲಿ ಮಾಡಿದರೆ ಮಳೆಗಾಲದ ನಡುವೆ ಕುದುರೆಗಳು ಸಾಯುತ್ತವೆ, ಆಗ ಸಿಪಾಯಿಗಳು ರೈತರ ಮನೆ ಹೊಕ್ಕು ಕಾಳು, ಮೇವು ಕಿತ್ತುಕೊಳ್ಳುತ್ತಾರೆ, ರೈತರಿಗೆ ಮೊಗಲರೇ ವಾಸಿ ಅನ್ನಿಸುತ್ತದೆ ಎಂದು ಅದು ಎಚ್ಚರಿಸುತ್ತದೆ. ಆಮೇಲೆ ಬೆಂಕಿಯ ಮಾತು. ಯಾರೋ ಅಡುಗೆ ಒಲೆ ಹಾಗೇ ಬಿಡುತ್ತಾರೆ, ಯಾರೋ ಚಿಲುಮೆ ಸೇದುತ್ತಾರೆ, ರಾತ್ರಿ ಉರಿಯುವ ದೀಪದ ಬತ್ತಿಯನ್ನು ಇಲಿ ಎಳೆದುಕೊಂಡು ಹೋಗುತ್ತದೆ, ಬಣವೆಗೆ ಕಿಡಿ ತಗಲುತ್ತದೆ. ರಾಜ್ಯ ಕಟ್ಟುತ್ತಿದ್ದ ದೊರೆಯ ಹೆಸರಿನಲ್ಲಿ ಹೊರಟ ಪತ್ರ ಇಲಿಯ ಬಾಯಲ್ಲಿನ ಬತ್ತಿಯವರೆಗೆ ಯೋಚಿಸುತ್ತದೆ ಎಂದರೆ ಆ ಕಾಲಕ್ಕೆ ಒಂದು ಬಣವೆಯ ಬೆಲೆ ಎಷ್ಟಿತ್ತು ಎಂದು ಊಹಿಸಬಹುದು.

ಪೇಶ್ವೆಗಳ ಕಾಲಕ್ಕೆ ಪುಣೆಯೇ ರಾಜಧಾನಿ. ಸುತ್ತಲಿನ ಕುರಣಗಳು ಸರಕಾರಿ ಲಾಯಗಳಿಗೆ ಮೀಸಲಾದವು. ಮಳೆ ಬೀಳುವುದಕ್ಕೆ ಮೊದಲು ಮುಚ್ಚಿದ ಕುರಣವನ್ನು ತೆರೆಯುವುದು ತೆನೆ ಬಲಿತು ಬೀಜ ಉದುರತೊಡಗಿದ ಮೇಲೆ, ಹೆಚ್ಚುಕಡಿಮೆ ದಸರಾ ದೀಪಾವಳಿಯ ಆಸುಪಾಸು. ಕೊಯ್ಯಲು ಸುತ್ತಲಿನ ಹಳ್ಳಿಗಳವರು ಬರಬೇಕು. ಅದು ಬಿಟ್ಟಿ ದುಡಿಮೆ, ಮರಾಠಿಯಲ್ಲಿ ‘ವೇಠ’. ಕುರಣವನ್ನು ಇಂದು ಹೊಗಳುವ ಉತ್ಸಾಹದಲ್ಲಿ ಈ ಬಿಟ್ಟಿಯ ಭಾಗ ಮರೆತುಹೋಗುವುದುಂಟು. ಹುಲ್ಲು ಚೆನ್ನಾಗಿ ಉಳಿದದ್ದು ನಿಜ. ಅದನ್ನು ಕೊಯ್ದವರ ಬೆನ್ನು ಬಾಗಿದ್ದೂ ಅಷ್ಟೇ ನಿಜ.

ಹುಲ್ಲು ಏಕೆ ಉಳಿಯಿತು ಎಂಬುದರಲ್ಲಿ ಸ್ವಲ್ಪ ಸಸ್ಯಶಾಸ್ತ್ರ ಇದೆ, ಅದನ್ನು ಬಿಡಿಸಿ ಹೇಳದೆ ಮುಂದಿನ ಕಥೆ ಅರ್ಥವಾಗದು. ಪುಣೆ ಬಯಲಿನ ಮುಖ್ಯ ಹುಲ್ಲುಗಳು ಬಹುವಾರ್ಷಿಕ. ಮರಾಠಿಯವರು ಮಾರ್ವೇಲ್ ಎನ್ನುವ ಡೈಕ್ಯಾಂಥಿಯಮ್ ಅನ್ಯುಲೇಟಮ್, ಶೇಡಾ ಎನ್ನುವ ಸೆಹಿಮಾ ನರ್ವೋಸಮ್, ಡೊಂಗರಿ ಎನ್ನುವ ಕ್ರೈಸೊಪೋಗನ್ ಫಲ್ವಸ್, ಕುಸಳಿ ಎನ್ನುವ ಹೆಟೆರೊಪೋಗನ್ ಕಂಟಾರ್ಟಸ್. ಇವು ಜೂನ್‌ನಲ್ಲಿ ಬುಡದಿಂದ ಚಿಗುರುತ್ತವೆ, ಜುಲೈ ಆಗಸ್ಟ್‌ನಲ್ಲಿ ಎಲೆ ಹರಡುತ್ತವೆ, ಸೆಪ್ಟೆಂಬರಿನಿಂದ ತೆನೆ ಬಿಡುತ್ತವೆ. ಬೀಜ ಉದುರಿಸಿ ಒಣಗುವ ಹೊತ್ತಿಗೆ ಎಲೆಯಲ್ಲಿದ್ದ ಸತ್ವವನ್ನೆಲ್ಲ ಬುಡಕ್ಕೆ, ಬೇರಿಗೆ ಇಳಿಸಿಕೊಂಡಿರುತ್ತವೆ. ಆಮೇಲೆ ಮೇಲಿನದನ್ನು ಕೊಯ್ದರೆ ಗಿಡಕ್ಕೆ ನಷ್ಟವೇನಿಲ್ಲ, ಬದಲಿಗೆ ಲಾಭ. ಒಣಕಡ್ಡಿ ಹೋದ ಬುಡಕ್ಕೆ ಮುಂದಿನ ಜೂನ್‌ನಲ್ಲಿ ಬೆಳಕು ಸಿಗುತ್ತದೆ, ನಡುವಿನ ಪುಟ್ಟ ಗಿಡಗಳೂ ತಲೆಯೆತ್ತುತ್ತವೆ. ಅದೇ ಹುಲ್ಲನ್ನು ಆಗಸ್ಟ್‌ನಲ್ಲಿ, ಸತ್ವವೆಲ್ಲ ಎಲೆಯಲ್ಲೇ ಇರುವಾಗ ಕೊಯ್ದರೆ ಅದು ಬುಡದ ಉಳಿತಾಯ ಖರ್ಚು ಮಾಡಿ ಮತ್ತೆ ಚಿಗುರಬೇಕು. ವರ್ಷವರ್ಷವೂ ಹೀಗೇ ಮಾಡಿದರೆ ಉಳಿತಾಯ ಬರಿದಾಗುತ್ತದೆ.

ಹಾಗಾದರೆ ಎಲ್ಲರೂ ತಡವಾಗಿಯೇ ಏಕೆ ಕೊಯ್ಯುವುದಿಲ್ಲ? ದನ ಸಾಕುವವನ ಲೆಕ್ಕ ಬೇರೆ. ಹೂ ಬಿಟ್ಟ ಮೇಲೆ ಹುಲ್ಲಿನ ಪ್ರೋಟೀನು ಇಳಿಯುತ್ತಾ ಹೋಗುತ್ತದೆ. ನವೆಂಬರಿನಲ್ಲಿ ಕೊಯ್ದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಕುಸಳಿಯದಂತೂ ಇನ್ನೊಂದು ರಗಳೆ. ಅದರ ಬೀಜಕ್ಕೆ ಈಟಿಯಂಥ ಮೊನೆ, ತಿರುಚಿಕೊಳ್ಳುವ ಬಾಲ. ಬಲಿತ ಮೇಲೆ ಅದು ಕುರಿಯ ಉಣ್ಣೆ ಹೊಕ್ಕು ಚರ್ಮ ಚುಚ್ಚುತ್ತದೆ, ದನದ ಬಾಯಿ ಹುಣ್ಣು ಮಾಡುತ್ತದೆ, ಚಾರಣಕ್ಕೆ ಹೋದವರ ಕಾಲುಚೀಲ ಹಾಳು ಮಾಡುತ್ತದೆ. ಅದನ್ನು ಮೊನೆ ಗಟ್ಟಿಯಾಗುವ ಮೊದಲೇ ಕೊಯ್ಯಬೇಕು. ಹೀಗೆ ಪ್ರತಿ ಹುಲ್ಲಿಗೂ ಒಂದು ಮುಹೂರ್ತ. ಕುರಣ ಕಾಯುವವನಿಗೆ ತಿಳಿದಿರಬೇಕಾದದ್ದು ಮುಖ್ಯವಾಗಿ ಅದು.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು. ಪುಣೆ, ಖಡಕಿಗಳಲ್ಲಿ ದೊಡ್ಡ ದಂಡುಗಳು ನೆಲೆಯೂರಿದವು. ಬ್ರಿಟಿಷರ ಕುದುರೆ, ತೋಪಿನ ಬಂಡಿಯ ಎತ್ತು, ಹೇಸರಗತ್ತೆಗಳಿಗೂ ಹುಲ್ಲೇ ಬೇಕು. ಆಳುವವರು ಬದಲಾದರೂ ಕುರಣದ ಕೆಲಸ ಬದಲಾಗಲಿಲ್ಲ. ಹುಲ್ಲನ್ನು ಒತ್ತಿ ಕಟ್ಟುವ ಯಂತ್ರಗಳು ಬಂದವು, ರೈಲು ಬಂತು, ಬರಗಾಲದಲ್ಲಿ ಒತ್ತಿ ಕಟ್ಟಿದ ಹುಲ್ಲಿನ ಮೂಟೆಗಳು ಮಳೆ ಹೆಚ್ಚಿರುವ ಕಡೆಯಿಂದ ದಖ್ಖನಿಗೆ ರೈಲಿನಲ್ಲಿ ಬರತೊಡಗಿದವು. ಸೇನೆ ತನ್ನದೇ ಹುಲ್ಲಿನ ಫಾರ್ಮ್‌ಗಳನ್ನು ಇಟ್ಟುಕೊಂಡಿತು. 1889ರಲ್ಲಿ ಅಲಹಾಬಾದಿನಲ್ಲಿ ಶುರುವಾದ ಮಿಲಿಟರಿ ಡೈರಿ ಫಾರ್ಮ್‌ಗಳ ಸರಣಿ ಪುಣೆಯ ಪಿಂಪ್ರಿಗೂ ಬಂತು. 132 ವರ್ಷ ನಡೆದು 2021ರ ಮಾರ್ಚ್‌ನಲ್ಲಿ ದೇಶದಾದ್ಯಂತ ಅವು ಮುಚ್ಚಿದವು.

ನಿಜವಾದ ಬದಲಾವಣೆ ಬಂದದ್ದು ಕಾನೂನಿನಲ್ಲಿ. 1878ರ ಅರಣ್ಯ ಕಾಯಿದೆಯ ನಂತರ ಹುಲ್ಲಿನ ಬಯಲು, ಬೋಳುಗುಡ್ಡಗಳೂ ‘ಅರಣ್ಯ’ ಎಂಬ ಹೆಸರು ಪಡೆದು ಇಲಾಖೆಯ ಕೈಗೆ ಹೋದವು. ಕುರಣಗಳೂ ಸೇರಿದವು. ಊರವರು ಮೇಯಿಸುತ್ತಿದ್ದ ಗಾಯರಾನಗಳೂ, ಅಂದರೆ ಗೋಮಾಳಗಳೂ, ಸೇರಿದವು. ಇದರ ನೋವನ್ನು ಬರೆದಿಟ್ಟವರು ಪುಣೆಯವರೇ ಆದ ಮಹಾತ್ಮ ಜ್ಯೋತಿಬಾ ಫುಲೆ. 1883ರಲ್ಲಿ ಮುಗಿಸಿದ ‘ಶೇತಕರ್‍ಯಾಚಾ ಆಸೂಡ’ ಪುಸ್ತಕದಲ್ಲಿ ಅವರು ಅರಣ್ಯ ಇಲಾಖೆಯನ್ನು ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ಮೊದಲು ಎರಡು ದನ, ನಾಲ್ಕು ಆಡು ಇಟ್ಟುಕೊಂಡು ಗುಡ್ಡದ ಹುಲ್ಲಿನ ಮೇಲೆ ಬದುಕುತ್ತಿದ್ದ ಬಡವರಿಗೆ ಈಗ ಗುಡ್ಡ, ಹಳ್ಳ, ಗಾಯರಾನ ಎಲ್ಲ ಮುಚ್ಚಿಹೋಗಿದೆ, ಆಡಿಗೆ ಉಸಿರಾಡಲೂ ಜಾಗವಿಲ್ಲ ಎಂಬುದು ಅವರ ದೂರಿನ ಸಾರ. 1871ರ ದನಗಳ ಅತಿಕ್ರಮಣ ಕಾಯಿದೆ ಆಗಲೇ ಜಾರಿಯಲ್ಲಿತ್ತು. ಗೆರೆ ದಾಟಿದ ಎಮ್ಮೆ ದೊಡ್ಡಿ ಸೇರುತ್ತಿತ್ತು, ದಂಡ ಕಟ್ಟಿ ಬಿಡಿಸಿಕೊಳ್ಳಬೇಕಿತ್ತು.

ಹುಲ್ಲಿಗೆ ಇದರಿಂದ ಒಳ್ಳೆಯದಾಯಿತೇ? ಮುಚ್ಚಿದ ಜಾಗಗಳಲ್ಲಿ ಆಗಿರಬೇಕು. ಆದರೆ ಮುಚ್ಚಿದಷ್ಟೂ ದನ ಉಳಿದ ಸಣ್ಣ ಜಾಗದ ಮೇಲೆ ಒತ್ತಿ ಬಿದ್ದವು, ಅಲ್ಲಿ ಮಾರ್ವೇಲ್ ಸತ್ತು ದನ ಮುಟ್ಟದ ಗಿಡಗಳು ಉಳಿದವು. ಒಳಗೆ ಸೊಂಪು, ಹೊರಗೆ ಬೋಳು. ಗೆರೆ ಎಳೆದವರು ಒಳಗಿನದನ್ನು ತಮ್ಮ ಸಾಧನೆ ಎಂದೂ ಹೊರಗಿನದನ್ನು ಹಳ್ಳಿಗರ ಅಪರಾಧ ಎಂದೂ ಬರೆದುಕೊಂಡರು.

20ನೇ ಶತಮಾನದ ಆರಂಭದಲ್ಲಿ ಪುಣೆಯ ಕೃಷಿ ಕಾಲೇಜಿನಲ್ಲಿ ಹುಲ್ಲಿನ ಅಧ್ಯಯನ ಮೊದಲಾಯಿತು. ಮುಂಬಯಿ ಪ್ರಾಂತ್ಯದ ಸಸ್ಯಶಾಸ್ತ್ರಜ್ಞರಾಗಿದ್ದ ಡಬ್ಲ್ಯು. ಬರ್ನ್ಸ್, ಎಲ್. ಬಿ. ಕುಲಕರ್ಣಿ, ಎಸ್. ಆರ್. ಗೋಡಬೋಲೆ ಸೇರಿ 1925ರಲ್ಲಿ ಭಾರತದ ಕೆಲವು ಹುಲ್ಲು ಮತ್ತು ಹುಲ್ಲುಗಾವಲುಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಹುಲ್ಲನ್ನು ಹುಲ್ಲು ಎಂದೇ ನೋಡಿದ, ಮುಂದೆ ಮರವಾಗಬೇಕಾದ ಜಾಗ ಎಂದು ನೋಡದ ಬರಹಗಳಲ್ಲಿ ಇದು ದೇಶದಲ್ಲೇ ಮೊದಮೊದಲಿನದು. ಆ ದಾರಿ ಮುಂದುವರಿದು 1962ರಲ್ಲಿ ಝಾನ್ಸಿಯಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ಹುಟ್ಟಿತು. 1973ರಲ್ಲಿ ದಬಡಘಾವ್ ಮತ್ತು ಶಂಕರನಾರಾಯಣ್ ದೇಶದ ಹುಲ್ಲಿನ ಹೊದಿಕೆಯನ್ನು ಐದು ಬಗೆಯಾಗಿ ವಿಂಗಡಿಸಿದರು. ಪುಣೆಯದೂ ಉತ್ತರ ಕರ್ನಾಟಕದ್ದೂ ಅದರಲ್ಲಿ ಒಂದೇ ಬಗೆ: ಸೆಹಿಮಾ ಮತ್ತು ಡೈಕ್ಯಾಂಥಿಯಮ್ ಹುಲ್ಲುಗಳ ಹೊದಿಕೆ.

ಇಷ್ಟು ಹೊತ್ತಿಗೆ ಹೊರಗಿನ ಹುಲ್ಲುಗಳು ಬಂದಾಗಿತ್ತು. ಪುಣೆಯ ಹೆಸರು ಕಳೆಗಳ ಚರಿತ್ರೆಯಲ್ಲಿ ಮೊದಲೇ ದಾಖಲಾಗಿದೆ. ಇಡೀ ದೇಶ ಕಾಂಗ್ರೆಸ್ ಗಿಡ ಎಂದು ಬೈಯುವ ಪಾರ್ಥೇನಿಯಂ ಸ್ವತಂತ್ರ ಭಾರತದಲ್ಲಿ ಮೊದಲು ಗುರುತಾದದ್ದು ಪುಣೆಯಲ್ಲೇ, 1956ರಲ್ಲಿ ಅದರ ವರದಿ ಅಚ್ಚಾಯಿತು. ಆದರೆ ಪಾರ್ಥೇನಿಯಂ ಕದ್ದು ಬಂದ ಅತಿಥಿ. ಹುಲ್ಲುಗಳು ಹಾಗಲ್ಲ, ಅವನ್ನು ಕರೆದೇ ತಂದದ್ದು. ಆಫ್ರಿಕದ ಗಿನಿ ಹುಲ್ಲು ಬ್ರಿಟಿಷರ ಕಾಲದಲ್ಲೇ ಮೇವಿಗೆಂದು ಬಂತು. ದೀನಾನಾಥ ಎಂಬ ಭಕ್ತಿಯ ಹೆಸರು ಹೊತ್ತ ಪೆನ್ನಿಸೆಟಮ್ ಪೆಡಿಸೆಲ್ಲೇಟಮ್ ಕೂಡ ಆಫ್ರಿಕದ್ದೇ. ಸಜ್ಜೆ ಮತ್ತು ನೇಪಿಯರ್ ಹುಲ್ಲನ್ನು ಕೂಡಿಸಿದ ಹೈಬ್ರಿಡ್ ನೇಪಿಯರ್ ಬಂತು, ರಾಹುರಿಯ ಕೃಷಿ ವಿಶ್ವವಿದ್ಯಾಲಯ ಅದರದೇ ‘ಫುಲೆ ಜಯವಂತ’ ಎಂಬ ತಳಿ ಕೊಟ್ಟಿತು. ಅರಣ್ಯ ಇಲಾಖೆಯಿಂದ ಆಡಿಗೂ ಜಾಗ ಉಳಿಯಲಿಲ್ಲ ಎಂದು ಗುಡುಗಿದ ಫುಲೆಯವರ ಹೆಸರು ಒಂದು ಮೇವಿನ ತಳಿಗೆ ಬಂದದ್ದು ಯಾರೂ ಉದ್ದೇಶಿಸಿದ ವ್ಯಂಗ್ಯವಲ್ಲ. ವಿಶ್ವವಿದ್ಯಾಲಯದ ಹೆಸರೇ ಫುಲೆಯವರದು.

ಇದನ್ನೆಲ್ಲ ತಪ್ಪು ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. 1967ರಲ್ಲಿ ಪುಣೆ ಬಳಿಯ ಉರುಳಿ ಕಾಂಚನದಲ್ಲಿ ಮಣಿಭಾಯಿ ದೇಸಾಯಿ ಬೈಫ್ ಸಂಸ್ಥೆ ಕಟ್ಟಿದಾಗ ಅವರೆದುರಿಗಿದ್ದ ಪ್ರಶ್ನೆ, ತುಂಡುನೆಲದ ರೈತನ ಮನೆಯಲ್ಲಿ ಹಾಲು ಹೇಗೆ ಹರಿಸುವುದು ಎಂಬುದು. ಮಿಶ್ರತಳಿ ಹಸು ಬಯಲಿನ ಕುಸಳಿ ತಿಂದು ಹಾಲು ಕೊಡುವುದಿಲ್ಲ. ನೀರಿರುವ ಬದುವಿನಲ್ಲಿ ಎತ್ತರದ ಹುಲ್ಲು ನೆಟ್ಟು ತಿಂಗಳಿಗೊಮ್ಮೆ ಕೊಯ್ದು ಹಾಕಿದರೆ ಕೊಡುತ್ತದೆ. ಹಾಲು ಬಂತು, ಸಾವಿರಾರು ಮನೆಗಳು ಅದರ ಮೇಲೆ ನಿಂತವು. ಸಮಸ್ಯೆ ಇರುವುದು ಹುಲ್ಲು ಬದುವಿನಲ್ಲೇ ನಿಲ್ಲದಿರುವುದರಲ್ಲಿ. ಗಿನಿ ಹುಲ್ಲು ಕಾಲುವೆ ಹಿಡಿದು, ರಸ್ತೆಯಂಚು ಹಿಡಿದು, ನೆಟ್ಟ ಮರಗಳ ನೆರಳು ಹಿಡಿದು ನಡೆಯಿತು. ಪುಣೆ ನಗರದೊಳಗಿನ ಗುಡ್ಡಗಳಲ್ಲಿ, ಅಲ್ಲಿಯವರು ಟೇಕಡಿ ಎನ್ನುವಲ್ಲಿ, ಹಸಿರು ಮಾಡುವ ಉಮೇದಿನಲ್ಲಿ ಗ್ಲಿರಿಸಿಡಿಯಾ ನೆಟ್ಟರು, ಬೇಸಿಗೆಯಲ್ಲಿ ನೀರುಣಿಸಿದರು. ಆ ನೆರಳು, ಆ ತೇವ ಮಾರ್ವೇಲ್‌ಗೆ ಬೇಡ. ಗಿನಿ ಹುಲ್ಲಿಗೆ ಬೇಕು.

ಮರ ನೆಡುವ ಉಮೇದಿಗೆ ಸರಕಾರಿ ಬಲವೂ ಇತ್ತು. ದೇಶದ ಮೂರನೇ ಒಂದು ಭಾಗ ಕಾಡಿರಬೇಕೆಂದು 1952ರ ಅರಣ್ಯ ನೀತಿ ಹೇಳಿತು. 1985ರಲ್ಲಿ ಪಾಳುಭೂಮಿ ಅಭಿವೃದ್ಧಿ ಮಂಡಳಿ ಬಂತು, ಹುಲ್ಲುಬಯಲು ಪಾಳುಭೂಮಿಯ ಪಟ್ಟಿಗೆ ಸೇರಿತು. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯಿದೆಯಿಂದ ಇನ್ನೆಲ್ಲೋ ಕಡಿದ ಕಾಡಿನ ಲೆಕ್ಕ ತೀರಿಸಲು ಈ ಬಯಲುಗಳಲ್ಲೇ ಗುಂಡಿ ತೋಡುವುದು ಮುಂದುವರಿಯಿತು. ಕನ್ನಡಿಗರಿಗೆ ಇದು ಹೊಸ ಕಥೆಯಲ್ಲ. ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರ್ ಬಯಲನ್ನು 1974ರಲ್ಲಿ ಕೃಷ್ಣಮೃಗಗಳ ಧಾಮವೆಂದು ಘೋಷಿಸಿದರು. ಅದರ ಬಹುಭಾಗ ನೀಲಗಿರಿ ತೋಪಾಯಿತು, ದೊರವಾಯನ ಹಕ್ಕಿ ಅಲ್ಲಿಂದ ಕಾಣೆಯಾಯಿತು. ಚಳ್ಳಕೆರೆಯ ಕಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹಂಚಿಹೋದದ್ದು ಈಚಿನ ಮಾತು.

ಈಗ ಕೊಯ್ಲಿನ ವಿಷಯಕ್ಕೆ ಮರಳಬೇಕು. ಹೊರಗಿನ ಹುಲ್ಲು ಬಂದಿದೆ, ಕೊಯ್ದರೆ ಹೋಗುತ್ತದೆ ಎಂಬುದು ಮೊದಲು ಹೊಳೆಯುವ ಉಪಾಯ. ದೀನಾನಾಥ ಹುಲ್ಲಿನ ಮಟ್ಟಿಗೆ ಅದು ಬಹುಪಾಲು ಸರಿ. ಅದು ಮುಖ್ಯವಾಗಿ ಬೀಜದಿಂದ ಬರುವ ಹುಲ್ಲು. ಹೂ ಬಿಡುವ ಮುನ್ನ, ಮತ್ತೆ ಚಿಗುರಿದರೆ ಮತ್ತೊಮ್ಮೆ, ಹೀಗೆ ಎರಡು ಮೂರು ವರ್ಷ ತಪ್ಪದೆ ಕೊಯ್ದರೆ ಮಣ್ಣಿನಲ್ಲಿನ ಬೀಜದ ದಾಸ್ತಾನು ಇಳಿಯುತ್ತದೆ. ಗಿನಿ ಹುಲ್ಲಿನ ಮುಂದೆ ಈ ಲೆಕ್ಕ ನಡೆಯುವುದಿಲ್ಲ. ಅದನ್ನು ಜಗತ್ತಿನಾದ್ಯಂತ ಬೆಳೆಸಿದ್ದೇ ಕೊಯ್ಲು ತಾಳುತ್ತದೆ ಎಂಬ ಗುಣಕ್ಕೆ. ಹೈನುಗಾರ ಅದನ್ನು ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಕೊಯ್ಯುತ್ತಾನೆ, ಅದು ವರ್ಷಗಟ್ಟಲೆ ಚಿಗುರುತ್ತಲೇ ಇರುತ್ತದೆ. ವರ್ಷಕ್ಕೊಂದು ಸಲ ಯಂತ್ರ ಓಡಿಸಿದರೆ ಅದಕ್ಕೆ ಕ್ಷೌರ ಮಾಡಿಸಿದಂತೆ. ಸುತ್ತಲಿನ ಮಾರ್ವೇಲ್, ಶೇಡಾ ಮಾತ್ರ ಏಟು ತಿನ್ನುತ್ತವೆ. ಗಿನಿಯ ಬುಡವನ್ನು ಗುದ್ದಲಿ ಹಾಕಿ ಬೇರುಸಮೇತ ಕೀಳಬೇಕು, ಅದಕ್ಕೆ ನೆರಳು ಕೊಡುವ ನೆಟ್ಟ ಮರ ತೆಗೆಯಬೇಕು, ಬೇಸಿಗೆಯ ನೀರು ನಿಲ್ಲಿಸಬೇಕು. ಆಮೇಲೆ ಬೀಜದಿಂದ ಏಳುವ ಮರಿಗಳಿಗೆ ಕುಡುಗೋಲು. ಕೊಯ್ಲು ಇಲ್ಲಿ ಎರಡನೇ ಹೆಜ್ಜೆ, ಮೊದಲನೆಯದಲ್ಲ.

ಇದೇ ಪಾಠ ಅಮೆರಿಕದ ಟೆಕ್ಸಾಸಿನಲ್ಲೂ ಕಲಿತದ್ದು. ಅಲ್ಲಿನ ಸ್ಥಳೀಯ ಹುಲ್ಲುಗಾವಲುಗಳನ್ನು ಕಾಡುವ ಬಹುವಾರ್ಷಿಕ ಹುಲ್ಲುಗಳಲ್ಲಿ ಒಂದಕ್ಕೆ ಕ್ಲೇಬರ್ಗ್ ಬ್ಲೂಸ್ಟೆಮ್ ಎಂದು ಹೆಸರು. ಮೇವಿಗೆ, ಮಣ್ಣಿನ ಸವಕಳಿ ತಡೆಗೆ ಎಂದು ತಂದು ಬಿತ್ತಿದ್ದು ಊರೆಲ್ಲ ಹರಡಿತು. ಅದರ ಸಸ್ಯಶಾಸ್ತ್ರೀಯ ಹೆಸರು ಡೈಕ್ಯಾಂಥಿಯಮ್ ಅನ್ಯುಲೇಟಮ್. ಪುಣೆಯ ಮಾರ್ವೇಲ್! ಇಲ್ಲಿ ಉಳಿಸಿಕೊಳ್ಳಲು ಹೆಣಗುತ್ತಿರುವ ಹುಲ್ಲನ್ನು ಅಲ್ಲಿ ತೊಲಗಿಸಲು ಹೆಣಗುತ್ತಿದ್ದಾರೆ. ಅದರ ಹತ್ತಿರದ ಬಂಧು ಕಿಂಗ್ ರ್‍ಯಾಂಚ್ ಬ್ಲೂಸ್ಟೆಮ್ ಮೇಲೆ ಟೆಕ್ಸಾಸಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆಳೆಯುವ ಋತುವಿನಲ್ಲಿ ಹಾಕಿದ ಬೆಂಕಿ ಅದನ್ನು ಚೆನ್ನಾಗಿ ತಗ್ಗಿಸಿತು, ಬರೀ ಕೊಯ್ಲು ಹೇಳಿಕೊಳ್ಳುವಂಥ ಕೆಲಸ ಮಾಡಲಿಲ್ಲ. ದಖ್ಖನಿನ ಒಣಬಯಲಿನ ಅಂಜನ ಹುಲ್ಲಿನದೂ ಇಂಥದ್ದೇ ಕಥೆ. ಒಂಟೆಗಳ ಜೀನಿನೊಳಗೆ ತುಂಬಿದ ಹುಲ್ಲಿನ ಜೊತೆ 1870ರ ದಶಕದಲ್ಲಿ ಆಸ್ಟ್ರೇಲಿಯಾ ಸೇರಿತೆಂದು ಹೇಳಲಾಗುವ ಈ ಹುಲ್ಲು ಈಗ ಅಲ್ಲಿನ ಮರುಭೂಮಿಗೆ ದೊಡ್ಡ ಕಂಟಕ.

ಕೊಯ್ಲೂ ಇಲ್ಲ, ಮೇಯಿಸುವುದೂ ಇಲ್ಲ ಎಂದರೆ ಏನಾಗುತ್ತದೆ ಎಂಬುದಕ್ಕೆ ದೇಶದ ಅತಿ ಕಹಿ ಉದಾಹರಣೆ ರಾಜಸ್ಥಾನದ ಭರತಪುರದ್ದು. 1982ರಲ್ಲಿ ಕೇವಲಾದೇವ್ ಪಕ್ಷಿಧಾಮದೊಳಗೆ ಎಮ್ಮೆ ಬಿಡುವುದನ್ನು ನಿಷೇಧಿಸಿದರು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತರು. ಆಮೇಲೆ ಪಾಸ್ಪಾಲಮ್ ಡಿಸ್ಟಿಕಮ್ ಎಂಬ ಬಹುವಾರ್ಷಿಕ ಹುಲ್ಲು ಎಮ್ಮೆಯ ಬಾಯಿಲ್ಲದೆ ಎಗ್ಗಿಲ್ಲದೆ ಬೆಳೆದು ನೀರನ್ನೇ ಮುಚ್ಚಿತು, ಹಕ್ಕಿಗಳಿಗೆ ಇಳಿಯಲು ಜಾಗವಿಲ್ಲವಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ಕೊನೆಗೆ ಎಮ್ಮೆ ಬೇಕಿತ್ತು ಎಂದೇ ಹೇಳಿತು. ಸತಾರೆಯ ಕಾಸ್ ಪ್ರಸ್ಥಭೂಮಿಯಲ್ಲೂ, ಇಷ್ಟು ಕ್ರೂರವಾಗಿ ಅಲ್ಲದಿದ್ದರೂ, ಪ್ರವಾಸಿಗರನ್ನು ತಡೆಯಲು ಹಾಕಿದ ಬೇಲಿ ದನಗಳನ್ನೂ ತಡೆಯಿತು. ಹುಲ್ಲು ಎತ್ತರ ಬೆಳೆದು ಹೂವು ಕಡಿಮೆಯಾಯಿತೆಂಬ ದೂರು ಎದ್ದಿತು, ಬೇಲಿ ತೆಗೆಯಬೇಕಾಯಿತು.

ಪುಣೆಯ ಬಯಲಿನಲ್ಲಿ ಏನೇನಿದೆ ಎಂಬುದರ ಲೆಕ್ಕವೇ ಇನ್ನೂ ಮುಗಿದಿಲ್ಲ. ಭಾರತದ ಪರ್ಯಾಯದ್ವೀಪದ ಹುಲ್ಲುಬಯಲುಗಳಿಗೆ ಮಾತ್ರ ಸೀಮಿತವಾದ ಗಿಡಜಾತಿಗಳು 206 ಎಂದು ನೇರ್ಲೇಕರ್ ಮತ್ತು ಸಂಗಡಿಗರು 2022ರಲ್ಲಿ ಪಟ್ಟಿ ಮಾಡಿದರು. ಅವುಗಳಲ್ಲಿ ನೂರಕ್ಕೆ 43 ಹಿಂದಿನ ಎರಡು ದಶಕಗಳಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದವು. ಹೆಸರಿಡುವ ಮೊದಲೇ ಗುಂಡಿ ತೋಡಿ ಸಸಿ ನೆಟ್ಟ ಜಾಗಗಳಲ್ಲಿ ಏನು ಹೋಯಿತೋ ಎಣಿಸಿದವರಿಲ್ಲ.

ಬಾರಾಮತಿ ತಾಲೂಕಿನ ಸುಪೆಯ ಬಳಿ ಚಿಂಕಾರಗಳಿಗಾಗಿ 1997ರಲ್ಲಿ ಘೋಷಿಸಿದ ಮಯೂರೇಶ್ವರ ಅಭಯಾರಣ್ಯ ಬರೀ 5 ಚದರ ಕಿಲೋಮೀಟರ್ ಚಿಲ್ಲರೆ. ಅದರಾಚೆಗಿನ ಬಯಲೆಲ್ಲ ತುಂಡು ತುಂಡು: ಅರಣ್ಯ ಇಲಾಖೆಯದೊಂದಿಷ್ಟು, ಗಾಯರಾನ ಒಂದಿಷ್ಟು, ಖಾಸಗಿ ಜಮೀನು ಒಂದಿಷ್ಟು. ತೋಳ, ಕತ್ತೆಕಿರುಬ, ಚಿಂಕಾರ ಈ ಗೆರೆಗಳನ್ನು ಲೆಕ್ಕಿಸದೆ ಓಡಾಡುತ್ತವೆ, ಧನಗರರ ಕುರಿಗಳೂ ಅಷ್ಟೆ. ಮಿಹಿರ್ ಗೋಡಬೋಲೆಯವರು ಕಟ್ಟಿದ ಪುಣೆಯ ಗ್ರಾಸ್‌ಲ್ಯಾಂಡ್ಸ್ ಟ್ರಸ್ಟ್‌ನಂಥ ಸಂಸ್ಥೆಗಳು ತೋಳವನ್ನು ಮುಂದಿಟ್ಟುಕೊಂಡು ಈ ನೆಲಕ್ಕೆ ಮಾನ ತರಲು ಹೊರಟಿವೆ. ಅರಣ್ಯ ಇಲಾಖೆ ಈಚೆಗೆ ಇಂದಾಪುರ ತಾಲೂಕಿನ ಕಡಬನವಾಡಿ ಮತ್ತು ಬಾರಾಮತಿಯ ಶಿರ್ಸುಫಳದಲ್ಲಿ ಹುಲ್ಲುಗಾವಲು ಸಫಾರಿ ಆರಂಭಿಸಿದೆ. ಪಾಳುಭೂಮಿ ಎಂದು ಕಡತದಲ್ಲಿದ್ದ ಜಾಗವನ್ನು ನೋಡಲು ಜನ ಟಿಕೆಟು ಕೊಂಡು ಬರುತ್ತಾರೆ ಎಂಬುದು ಸಣ್ಣ ಬದಲಾವಣೆಯೇನಲ್ಲ.

ಸಫಾರಿಯ ಜೀಪಿನಿಂದ ಕಾಣುವ ಹುಲ್ಲನ್ನು ಯಾರು, ಯಾವಾಗ ಕೊಯ್ಯಬೇಕು ಎಂಬ ಪ್ರಶ್ನೆ ಮಾತ್ರ ಹಳೆಯದೇ. ಯಂತ್ರದಿಂದ ಕೊಯ್ದರೆ ಒಂದು ದಿನದಲ್ಲಿ ಮುಗಿಯುತ್ತದೆ. ಆದರೆ ಯಂತ್ರಕ್ಕೆ ಹುಲ್ಲಿನಲ್ಲಿ ಜಾತಿ ತಿಳಿಯದು, ಮಳೆಗಾಲದಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ನೆಲಗುಬ್ಬಿ, ಬುರ್ಲಿಹಕ್ಕಿಗಳ ಗೂಡು ಕಾಣದು, ಒಂದು ಜಾಗದ ಗಿನಿ ಬೀಜ ಅದರ ಹಲ್ಲಿಗೆ ಅಂಟಿಕೊಂಡು ಇನ್ನೊಂದು ಜಾಗಕ್ಕೆ ಹೋಗುತ್ತದೆ. ಕೊಯ್ದದ್ದನ್ನು ಅಲ್ಲೇ ಬಿಟ್ಟರೆ ಅದರಡಿಯಲ್ಲಿ ಸಣ್ಣ ಗಿಡಗಳು ಉಸಿರುಗಟ್ಟುತ್ತವೆ, ಬೇಸಿಗೆಯಲ್ಲಿ ಬೆಂಕಿಗೆ ಉರುವಲು. ಕುಡುಗೋಲು ಹಿಡಿದು ಕುಕ್ಕರಗಾಲಲ್ಲಿ ಕೂತು ಕೊಯ್ಯುವವರು ನಾಲ್ಕು ಬೆರಳು ಬುಡ ಬಿಟ್ಟು ಕೊಯ್ಯುತ್ತಾರೆ, ಗೂಡು ಕಂಡರೆ ಸುತ್ತುತ್ತಾರೆ, ಹೊರೆ ಕಟ್ಟಿ ಮನೆಗೆ ಒಯ್ಯುತ್ತಾರೆ. ಆದರೆ ಅದಕ್ಕೆ ದಿನಗಟ್ಟಲೆ ಬೇಕು, ಕೂಲಿ ಬೇಕು, ಹುಲ್ಲು ತಮಗೇ ಸಿಗುತ್ತದೆಂಬ ಭರವಸೆ ಬೇಕು. ಮಹಾರಾಷ್ಟ್ರದ ಅರಣ್ಯ ಕುರಣಗಳಲ್ಲಿ ಹುಲ್ಲು ಹರಾಜು ಹಾಕುವ ಪದ್ಧತಿ ಈಗಲೂ ಇದೆ, ಕೆಲವು ಕಡೆ ಗ್ರಾಮ ಅರಣ್ಯ ಸಮಿತಿಗಳಿಗೆ ಕೊಡುವುದೂ ಇದೆ. ಹರಾಜು ಹಿಡಿದವನಿಗೆ ಬೀಜ ಉದುರುವ ತನಕ ಕಾಯುವ ತಾಳ್ಮೆಯಿಲ್ಲ, ತೂಕ ಇಳಿಯುವ ಮೊದಲೇ ಕೊಯ್ದರೆ ಅವನಿಗೆ ಲಾಭ. ಕಾದು ಕೊಯ್ಯುವುದರಲ್ಲಿ ಲಾಭವಿರುವುದು ಮುಂದಿನ ವರ್ಷವೂ ಅದೇ ಬಯಲಿಗೆ ಬರುವವನಿಗೆ.

ಆ ಬರುವವರಲ್ಲಿ ಧನಗರರೂ ಸೇರಬೇಕೇ ಎಂಬುದು ಇನ್ನೂ ಇತ್ಯರ್ಥವಾಗದ ಮಾತು. ಕಡತದಲ್ಲಿ ಅವರ ಕುರಿ ಈಗಲೂ ಅತಿಕ್ರಮಣವೇ. ದೀಪಾವಳಿ ಮುಗಿದ ವಾರ ಸುಪೆ, ಮೋರಗಾಂವ, ಜೇಜುರಿಯ ದಾರಿಗಳಲ್ಲಿ ಕುದುರೆಯ ಮೇಲೆ ಮಂಚ, ಕೋಳಿ, ಮಕ್ಕಳನ್ನು ಹೇರಿಕೊಂಡು ಪಶ್ಚಿಮಕ್ಕೆ ಹೊರಟ ಮಂದೆಗಳು ಇವತ್ತೂ ಕಾಣಸಿಗುತ್ತವೆ. ಅದೇ ವಾರ ಕುರಣಗಳಲ್ಲಿ ಕೊಯ್ಲು ಶುರುವಾಗುತ್ತದೆ.